ಹತ್ತು ಮರ, ಒಂದು ಬಾಗಿಲು

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಅವರು ಹೇಳಿದ್ದು ಮನೆಯಲ್ಲಿ ನೆಟ್ಟಗೆ ಕೂತಿರುವವರಿಗೆ. ಬಸ್ಸಿನಲ್ಲಿ ಮೂರು ಗಂಟೆ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತ ಭಾವನೆಂಟರು ಬಾಯಿ ಮುಚ್ಚಿಕೊಂಡಿರುವುದಾದರೂ ಹೇಗೆ?

ಇಬ್ಬರಲ್ಲಿ ಒಬ್ಬ ಮೇಸ್ತ್ರಿ. ಕಸುಬಿನಿಂದ ಬಡಗಿ. ನಲವತ್ತು ವರ್ಷದಿಂದ ಅವನ ಊರಿನ ಬಾಗಿಲುಗಳೆಲ್ಲ ಅವನ ಕೈಯಲ್ಲೇ ಹುಟ್ಟಿ ಅವನ ಕೈಯಲ್ಲೇ ರಿಪೇರಿಯಾದವು. ಇನ್ನೊಬ್ಬರು ಅವನ ಹೆಂಡತಿಯ ಅಣ್ಣ. ಮೂವತ್ತೈದು ವರ್ಷ ಗ್ರಂಥಪಾಲಕರಾಗಿದ್ದು ನಿವೃತ್ತರಾದವರು. ಅಚ್ಚಾದದ್ದೆಲ್ಲ ನಿಜ, ಅಚ್ಚಾಗದ್ದರ ಬಗ್ಗೆ ವಿಚಾರಿಸಬೇಕು ಎನ್ನುವ ಪೈಕಿ. ಭಾವ ತಮ್ಮ ಊರಿನಲ್ಲಿ ಹೊಸ ಮನೆ ಕಟ್ಟಿಸಿದ್ದರು. ಅದನ್ನು ತೋರಿಸಲು ತಂಗಿಯನ್ನೂ ತಂಗಿಯ ಗಂಡನನ್ನೂ ತಾವೇ ಬಂದು ಕರೆದುಕೊಂಡು ಹೊರಟಿದ್ದರು.

"ಮುಂಬಾಗಿಲು ಯಾರಿಗೆ ಕೊಟ್ರಿ ಭಾವ?" ಎಂದು ಮೇಸ್ತ್ರಿ ಕೇಳಿದ. ಈ ಪ್ರಶ್ನೆಯನ್ನು ಅವನು ಮೂರು ತಿಂಗಳಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ.

ಭಾವ ಕಿಟಕಿಯಾಚೆ ನೋಡಿದರು. "ಈಗೆಲ್ಲ ಕಂಪನಿ ಬಾಗಿಲು ಬರುತ್ತೆ ಮೇಸ್ತ್ರಿಗಳೇ. ಕ್ಯಾಟಲಾಗು ನೋಡಿ ಬೆರಳಿಟ್ಟರೆ ಸಾಕು. ನೋಡೋಣ."

ಮೇಸ್ತ್ರಿಗೆ ಎದೆಯಲ್ಲಿ ಉಳಿ ಆಡಿಸಿದಂತಾಯಿತು. ಊರಿಗೆಲ್ಲ ಬಾಗಿಲು ಮಾಡಿದವನು. ಹೆಂಡತಿಯ ತವರಿಗೆ ಮಾತ್ರ ಕ್ಯಾಟಲಾಗಿನ ಬಾಗಿಲು. ನಾಳೆ ಯಾರಾದರೂ ಕೇಳಿದರೆ ಮುಖ ಎಲ್ಲಿಡುವುದು? ಬರುವ ಕೂಲಿಯ ಮಾತಲ್ಲ ಇದು, ಕೈಯ ಮಾತು. ಅವನಿಗೆ ಆ ಬಾಗಿಲು ಬೇಕಿತ್ತು. ಬಹಳ ಬೇಕಿತ್ತು.

"ಕಂಪನಿಯವರಿಗೆ ಮರ ಗೊತ್ತಾ ಭಾವ? ನನ್ನ ಮುಂದೆ ಯಾವ ಮರ ಬೇಕಾದ್ರೂ ತಂದು ನಿಲ್ಲಿಸಿ. ಕಣ್ಮುಚ್ಕೊಂಡು ಹೆಸರು ಹೇಳ್ತೀನಿ."

"ಯಾವ ಮರ ಆದ್ರೂ?"

"ಯಾವ ಮರ ಆದ್ರೂ."

"ಸುಮ್ನಿರ್ರೀ," ಎಂದಳು ಹಿಂದಿನ ಸೀಟಿನಿಂದ ಮೇಸ್ತ್ರಿಯ ಹೆಂಡತಿ. ಮೂವತ್ತು ವರ್ಷದ ಸಂಸಾರದಲ್ಲಿ ಆಕೆ ಈ ಮಾತನ್ನು ನೂರಾರು ಸಲ ಹೇಳಿದ್ದಳು, ಮತ್ತು ಪ್ರತಿ ಸಲವೂ ಅದು ಒಂದು ನಿಮಿಷ ತಡವಾಗಿರುತ್ತಿತ್ತು.

ಬಸ್ಸು ಬದಲಾಯಿಸುವ ಊರಿನಲ್ಲಿ ಇಳಿದಾಗ ಹನ್ನೆರಡೂವರೆ. ಮುಂದಿನ ಬಸ್ಸು ನಾಲ್ಕಕ್ಕೆ. ನಿಲ್ದಾಣದ ಎದುರಿಗೆ ಉದ್ದನೆಯ ಗೋಡೆ, ಅದರ ನಡುವೆ ಕಬ್ಬಿಣದ ಗೇಟು, ಗೇಟಿನ ಮೇಲೆ ಬೋರ್ಡು: ಸಾರ್ವಜನಿಕ ವೃಕ್ಷೋದ್ಯಾನ, ಪ್ರವೇಶ ಉಚಿತ. ಭಾವ ಅದನ್ನು ಎರಡು ಸಲ ಓದಿದರು. ಅವರ ಮುಖದ ಮೇಲೆ ಒಂದು ನಗು ಬಂದು, ಅಲ್ಲೇ ಚಾಪೆ ಹಾಸಿಕೊಂಡು ಕೂತಿತು.

"ಹತ್ತು ಮರ ಮೇಸ್ತ್ರಿಗಳೇ. ಹತ್ತೂ ಸರಿಯಾಗಿ ಹೇಳಿದ್ರೆ ನನ್ನ ಮನೆ ಮುಂಬಾಗಿಲು ನೀವೇ ಮಾಡಿ. ಒಂದು ತಪ್ಪಿದ್ರೂ ಕಂಪನಿ ಬಾಗಿಲು. ಆಮೇಲೆ ನನ್ನ ಮನೆಗೆ ಬಂದು ಆ ಬಾಗಿಲ ಬಗ್ಗೆ ಒಂದು ಮಾತೂ ಆಡಬಾರದು. ತಂಗಿ ಸಾಕ್ಷಿ."

"ಆಗ್ಲಿ," ಎಂದ ಮೇಸ್ತ್ರಿ.

ಇಲ್ಲಿ ಓದುಗರಿಗೆ ಒಂದು ಸಣ್ಣ ಸಂಗತಿಯನ್ನು ಹೇಳಿಬಿಡಬೇಕು. ಮೇಸ್ತ್ರಿಗೆ ಅದು ಇನ್ನೂ ಹೊಳೆದಿರಲಿಲ್ಲ. ಅವನು ಮರಗಳನ್ನು ಚೆನ್ನಾಗಿ ಬಲ್ಲವನೇ. ಆದರೆ ಅವನಿಗೆ ಮರಗಳ ಪರಿಚಯವಾಗುತ್ತಿದ್ದದ್ದು ಗರಗಸದ ಮಿಲ್ಲಿನ ಈಚೆಗೆ, ಅವು ಹಲಗೆ, ತೊಲೆ, ರೀಪುಗಳಾಗಿ ಬಂದ ಮೇಲೆ. ಕಾಲ ಮೇಲೆ ನಿಂತು ಎಲೆ ಅಲ್ಲಾಡಿಸುವ ಮರದ ಜೊತೆ ಅವನಿಗೆ ವ್ಯವಹಾರವೇ ಇರಲಿಲ್ಲ.

ಗೇಟಿನ ಒಳಗೇ ಒಂದು ದೊಡ್ಡ ಮರ. ಮೇಸ್ತ್ರಿ ಅದನ್ನು ಬುಡದಿಂದ ತುದಿಯವರೆಗೆ ನೋಡಿದ. ಬೆರಳು ಮಡಚಿ ಎರಡು ಸಲ ತಟ್ಟಿ ಕಿವಿಗೊಟ್ಟ. ಹಲಗೆಯಾಗಿದ್ದರೆ ಉತ್ತರ ಕೊಡುತ್ತಿತ್ತು. ತೊಗಟೆ ತುಟಿ ಬಿಚ್ಚಲಿಲ್ಲ.

"ತೇಗ," ಎಂದ.

ಬಿಳಿ ಬೂಟು ಹಾಕಿಕೊಂಡು ಬಿರಬಿರನೆ ನಡೆಯುತ್ತಿದ್ದ ಒಬ್ಬ ಅಜ್ಜಿ ಗಕ್ಕನೆ ನಿಂತರು. "ತೇಗವಾ? ಹದಿನೆಂಟು ವರ್ಷದಿಂದ ಇದರ ಬುಡದಲ್ಲಿ ನೇರಳೆಹಣ್ಣು ಆರಿಸ್ತಿದ್ದೀನಲ್ಲಪ್ಪ. ಮರಕ್ಕೆ ಯಾರಾದ್ರೂ ಹೇಳ್ಬಾರ್ದಾ, ಪಾಪ, ತಪ್ಪು ಹಣ್ಣು ಬಿಡ್ತಾ ಇದೆ."

ಭಾವ ದೊಡ್ಡ ಮನಸ್ಸು ಮಾಡಿದರು. "ಇದನ್ನ ಲೆಕ್ಕಕ್ಕೆ ತಗೊಳ್ಳೋದು ಬೇಡ. ಇದು ಮುನ್ನುಡಿ. ಪುಸ್ತಕ ಮುಂದಿದೆ."

ಮೇಸ್ತ್ರಿ ಸುತ್ತ ನೋಡಿದ. ಎಲ್ಲೆಲ್ಲೂ ಮರಗಳೇ, ಒಂದರ ಪರಿಚಯವೂ ಇಲ್ಲ. ದಿನಾ ಬನಿಯನ್ನಿನಲ್ಲಿ ನೋಡಿದ ನೆಂಟರೆಲ್ಲ ಒಮ್ಮೆಗೇ ಕೋಟು, ರುಮಾಲು ಹಾಕಿಕೊಂಡು ನಿಂತಂತೆ ಕಂಡಿತು. ಹೆದರಿಕೆಯ ಜೊತೆಗೇ ಅವನಿಗೆ ಒಂದು ಕುತೂಹಲವೂ ಹುಟ್ಟಿತು. ಇವುಗಳಲ್ಲಿ ತನ್ನ ತೇಗ ಯಾವುದು? ಬೀಟೆ ಯಾವುದು? ಎಲೆ ಸಮೇತ ಅವು ನೋಡಲು ಹೇಗಿರುತ್ತವೆ?

ಬೋರ್ಡು ಓದಿಕೊಂಡು ಪಾರಾಗೋಣವೆಂದರೆ ಅದಕ್ಕೂ ಕಲ್ಲು ಬಿದ್ದಿತ್ತು. ಕೊಳದ ಸುತ್ತ ಹತ್ತು ಮರಗಳಿದ್ದವು, ಯಾವುದಕ್ಕೂ ಬೋರ್ಡಿಲ್ಲ. ಹತ್ತೂ ಬೋರ್ಡುಗಳು ಹೊಸ ಬಣ್ಣ ಬಳಿಸಿಕೊಂಡು, ಹೆಸರು ಕೆಳಗಾಗಿ, ಹುಲ್ಲಿನ ಮೇಲೆ ಒಣಗುತ್ತಿದ್ದವು. ಅವುಗಳ ನಡುವೆ ಬಣ್ಣದವನು ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಅವನೆದುರು ಉದ್ಯಾನದ ಸೂಪರಿಂಟೆಂಡೆಂಟರು ಅತ್ತಿಂದಿತ್ತ ಓಡಾಡುತ್ತಿದ್ದರು.

"ಒಂದು ಚುಕ್ಕೆನೂ ಬಿಡದ ಹಾಗೆ ಬಳಿ ಅಂದೆ," ಎಂದು ಅವರು ಬಂದವರ ಮುಂದೆಯೇ ದೂರು ಹೇಳಿಕೊಂಡರು. "ಯಾವ ಬೋರ್ಡು ಯಾವ ಮರಕ್ಕೆ ಅಂತ ಹಿಂದುಗಡೆ ನಂಬರ್ ಹಾಕಿದ್ವಿ. ಈ ಮಹಾನುಭಾವ ಅದರ ಮೇಲೂ ಬಳಿದಿದ್ದಾನೆ."

"ನಂಬರೂ ಚುಕ್ಕೆನೇ ಅಲ್ವಾ ಸಾರ್," ಎಂದ ಬಣ್ಣದವನು.

ಮೂರು ಗಂಟೆಗೆ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ಮರಗಳನ್ನು ಬಲ್ಲ ಹಿರಿಯ ಮಾಲಿ ಮೊಮ್ಮಗುವನ್ನು ನೋಡಲು ಊರಿಗೆ ಹೋಗಿದ್ದ, ಫೋನು ಹತ್ತುತ್ತಿರಲಿಲ್ಲ. ಸೂಪರಿಂಟೆಂಡೆಂಟರು ಮೀನುಗಾರಿಕೆ ಇಲಾಖೆಯಿಂದ ವರ್ಗವಾಗಿ ಬಂದು ಹನ್ನೆರಡು ದಿನವಾಗಿತ್ತು. "ಮೀನಾಗಿದ್ರೆ ಕಣ್ಣು ನೋಡಿ ಹೇಳ್ತಿದ್ದೆ. ಮರಕ್ಕೆ ಕಣ್ಣೇ ಇಲ್ಲ," ಎಂದರು. ಅವರ ದನಿಯಲ್ಲಿ ನಿಜವಾದ ನೋವಿತ್ತು.

ಭಾವನಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ? "ಯೋಚನೆ ಯಾಕೆ? ಇವರು ನಲವತ್ತು ವರ್ಷ ಮರದಲ್ಲೇ ಕೆಲಸ ಮಾಡಿದವರು. ಯಾವ ಮರವಾದ್ರೂ ಕಣ್ಮುಚ್ಕೊಂಡು ಹೇಳ್ತಾರಂತೆ."

ಸೂಪರಿಂಟೆಂಡೆಂಟರು ಮೇಸ್ತ್ರಿಯ ಎರಡೂ ಕೈ ಹಿಡಿದುಕೊಂಡರು. "ವಿಜ್ಞಾನಿಗಳು. ದೇವರು ಕಳಿಸಿದ ಹಾಗೆ ಬಂದ್ರಿ."

"ಅಲ್ಲ ಸಾರ್, ನಾನು ಬಾಗಿಲು..." ಎಂದು ಮೇಸ್ತ್ರಿ ಶುರುಮಾಡಿದ.

"ಬಾಗಿಲೆಲ್ಲ ತೆರೆದೇ ಇದೆ ಸಾರ್, ಎಲ್ಲಿ ಬೇಕಾದ್ರೂ ಹೋಗಿ ನೋಡಿ," ಎಂದು ಅವರು ಅವನನ್ನು ಮೊದಲನೆಯ ಮರದ ಬುಡಕ್ಕೆ ತಳ್ಳಿಕೊಂಡೇ ಹೋದರು.

ಮೇಸ್ತ್ರಿ ಮರ ಹತ್ತಿದ ಕೋತಿಯಲ್ಲ, ಮರದ ಕೆಳಗೆ ಸಿಕ್ಕಿಬಿದ್ದ ಕೋತಿಯಂತಾದ. ಎದುರಿಗೆ ಸೂಪರಿಂಟೆಂಡೆಂಟರು, ಹಿಂದೆ ಭಾವ, ಪಕ್ಕದಲ್ಲಿ ಹೆಂಡತಿ. ಮುಖ ತಪ್ಪಿಸಿಕೊಳ್ಳಲು ತಲೆ ಬಗ್ಗಿಸಿದ. ಕಾಲ ಬಳಿ ಒಂದು ಒಣ ಕೊಂಬೆಯ ತುಂಡು ಬಿದ್ದಿತ್ತು. ಕೈ ತಾನಾಗಿಯೇ ಅದನ್ನು ಎತ್ತಿಕೊಂಡಿತು, ಜೇಬಿನ ಚಾಕು ತಾನಾಗಿಯೇ ಹೊರಗೆ ಬಂತು. ತೊಗಟೆ ಸುಲಿದ, ಓರೆಯಾಗಿ ಒಂದು ಸೀಳು ತೆಗೆದ, ಮೂಗಿಗೆ ಹಿಡಿದ.

ಅವನ ಮುಖ ಅರಳಿತು. ಎರಡು ಬೀರು, ಒಂದು ತೊಟ್ಟಿಲು, ಡಾಕ್ಟರ ಮನೆಯ ಊಟದ ಮೇಜು, ಎಲ್ಲವೂ ಒಟ್ಟಿಗೆ ನೆನಪಾದವು. "ಬೀಟೆ," ಎಂದ. ಆಮೇಲೆ ತಲೆಯೆತ್ತಿ ಮರವನ್ನು ನೋಡಿದ. "ಇಷ್ಟು ಸಣ್ಣ ಎಲೆನಾ ನಿಂದು?" ಎಂದು ಅದನ್ನೇ ಕೇಳಿದ.

ಸೂಪರಿಂಟೆಂಡೆಂಟರು ಕೈ ಮುಗಿದರು. ಬಣ್ಣದವನು ಬೀಟೆಯ ಬೋರ್ಡು ತಂದು ಸಿಕ್ಕಿಸಿದ.

ಎರಡನೆಯ ಮರದ ಬುಡದಲ್ಲಿ ಸಿಕ್ಕ ಕಡ್ಡಿಯ ಪುಡಿ ಮೂಗಿಗೇರಿ ಮೇಸ್ತ್ರಿ ಏಳು ಸಲ ಸೀನಿದ. ಏಳನೆಯದು ಮುಗಿಯುವ ಮೊದಲೇ "ಬಾಗೆ" ಎಂದು ಘೋಷಿಸಿದ. ಬಾಗೆಮರ ಕೊಯ್ದ ದಿನ ಅವನ ಅಂಗಡಿಯಲ್ಲಿ ಗಿರಾಕಿಗಳೂ ಸೀನುತ್ತಿದ್ದರು. ಮೂರನೆಯದರ ಚಕ್ಕೆಯನ್ನು ಹೆಂಡತಿಯ ನೀರಿನ ಬಾಟಲಿಗೆ ಹಾಕಿ ಅಲ್ಲಾಡಿಸಿ ಬಿಸಿಲಿಗೆ ಹಿಡಿದ. ನೀರಿಗೆ ನಸುನೀಲಿ ಹೊಳಪು ಬಂತು. "ಹೊನ್ನೆ." ನಾಲ್ಕನೆಯದು ಚಾಕುವಿನ ಬಾಯಿಯನ್ನೇ ಮುಕ್ಕು ಮಾಡಿತು. "ಮತ್ತಿ. ಇದಕ್ಕೆ ಮೊಳೆ ಹೊಡೆಯೋಕೆ ಹೋಗಿ ನನ್ನ ಹೆಬ್ಬೆರಳು ಎರಡು ಸಲ ಹೋಗಿದೆ."

ಭಾವನ ನಗು ಚಾಪೆ ಸುತ್ತಿಕೊಂಡು ಎದ್ದಿತು. "ಇದು ನ್ಯಾಯ ಅಲ್ಲ. ಮರ ನೋಡಿ ಹೇಳ್ಬೇಕು, ಕಡ್ಡಿ ಮೂಸಿ ಅಲ್ಲ."

"ನೀನು ಪುಸ್ತಕ ಮುಚ್ಚಿಟ್ಟು ಓದ್ತಿದ್ದೆಯಾ ಅಣ್ಣ?" ಎಂದಳು ಸಾಕ್ಷಿ.

ಐದನೆಯ ಮರದಿಂದ ಕಷ್ಟ ಶುರುವಾಯಿತು. ತಪಾಸಣೆಯ ಸಲುವಾಗಿ ಆ ಕಡೆಯನ್ನೆಲ್ಲ ಬೆಳಿಗ್ಗೆಯೇ ಗುಡಿಸಿ ಹಾಕಿದ್ದರು. ಮರದಿಂದ ಮುರಿಯೋಣವೆಂದರೆ ಕಾವಲುಗಾರ ದೂರದಿಂದಲೇ ಸೀಟಿ ಊದಿದ. ಮೇಸ್ತ್ರಿ ಮಂಡಿಯೂರಿ, ಹುಲ್ಲನ್ನು ಬೆರಳಲ್ಲಿ ಬಿಡಿಸುತ್ತ, ಅಂಬೆಗಾಲಿನಲ್ಲಿ ಹುಡುಕತೊಡಗಿದ.

ಇನ್ನೊಂದು ಸುತ್ತು ಮುಗಿಸಿ ಬಂದ ಬಿಳಿ ಬೂಟಿನ ಅಜ್ಜಿ ಮೇಸ್ತ್ರಿಯ ಹೆಂಡತಿಯ ಪಕ್ಕ ನಿಂತರು. "ಏನು ಕಳ್ಕೊಂಡ್ರಿ?"

ಗಂಡ ನಾಲ್ಕು ಕಾಲಿನಲ್ಲಿ ಓಡಾಡುವುದಕ್ಕೆ ಏನೆಂದು ಕಾರಣ ಹೇಳುವುದು? ಆಕೆ ನಾಚಿಕೆಯಿಂದ ಕಿವಿ ಮುಟ್ಟಿಕೊಂಡು, "ಏನಿಲ್ಲ ಬಿಡಿ," ಎಂದಳು.

ಅಜ್ಜಿಗೆ ಅಷ್ಟು ಸಾಕಾಯಿತು. "ಅಯ್ಯೋ, ಓಲೆ ಬಿದ್ದೋಗಿದೆ. ಹೇಳ್ಕೊಳ್ಳೋಕೆ ಸಂಕೋಚ ಪಾಪ," ಎಂದವರೇ ಬೂಟು ಬಿಚ್ಚಿಟ್ಟು ಹುಲ್ಲಿಗಿಳಿದರು. ಊಟ ಮುಗಿಸಿ ನೆರಳಿಗೆ ಬಂದು ಒರಗಿದ್ದವರಿಗೆಲ್ಲ ಸುದ್ದಿ ಮುಟ್ಟಿತು. ಅಜ್ಜಿಯ ಬಾಯಲ್ಲಿ ಒಂದು ಓಲೆಯಾಗಿದ್ದದ್ದು ಕೊಳದ ಆಚೆ ದಡ ಸೇರುವಷ್ಟರಲ್ಲಿ ಜೋಡಿಯಾಗಿ, ಜೊತೆಗೆ ಒಂದು ಎರಡೆಳೆ ಸರವನ್ನೂ ಸೇರಿಸಿಕೊಂಡಿತ್ತು. ಕಾಲು ಗಂಟೆಯಲ್ಲಿ ಮೂವತ್ತು ಜನ ಮಂಡಿಯೂರಿದ್ದರು. ಅವರಿಗೆ ಎರಡು ಗುಂಡಿ, ಒಂದು ಕನ್ನಡಕ ಮತ್ತು ಯಾರದೋ ಕೆಳದವಡೆಯ ಹಲ್ಲುಸೆಟ್ಟು ಸಿಕ್ಕಿದವು.

"ಇದಾ ನೋಡಿ," ಎಂದು ಒಬ್ಬರು ಐದನೆಯ ಮರದ ಬುಡದಿಂದ ನಿರಾಸೆಯಿಂದ ಒಂದು ಕಡ್ಡಿಯನ್ನು ಎತ್ತಿ ತೋರಿಸಿದರು.

"ಅದೇ, ಅದೇ, ಕೊಡಿ," ಎಂದು ಮೇಸ್ತ್ರಿ ಕಸಿದುಕೊಂಡು ಸೀಳಿ ಮೂಸಿ ಆನಂದದಿಂದ ಕಣ್ಣು ಮುಚ್ಚಿದ. "ಸಿಲ್ವರ್ ಓಕ್. ಹಣ್ಣಿನ ಪೆಟ್ಟಿಗೆ ಮಾಡೋದು. ಇನ್ನೂ ಇದ್ರೆ ತನ್ನಿ, ಆದ್ರೆ ಯಾವ ಮರದ ಕೆಳಗಿಂದು ಅಂತ ಹೇಳಿ ತನ್ನಿ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಚಿನ್ನ ಹೋದ ಸಂಕಟಕ್ಕೆ ತಲೆ ಕೆಟ್ಟಿದೆ. ಅವನ ಮನಸ್ಸಿಗೆ ಸಮಾಧಾನ ಆಗೋ ಹಾಗೆ ಕೇಳಿದ್ದನ್ನ ಕೊಟ್ಬಿಡ್ರಪ್ಪ." ಜನ ಒಳ್ಳೆಯವರು. ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟರು. ಹೀಗೆ ಆರು, ಏಳು, ಎಂಟು ದಾಟಿದವು.

ದೊಡ್ಡ ಸಾಹೇಬರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಅವರ ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಸಾರ್ವಜನಿಕರು ನಿಂತು ದೂರು ಕೊಟ್ಟಿದ್ದರು, ಕೂತು ಧರಣಿ ಮಾಡಿದ್ದರು. ಹೀಗೆ ಒಟ್ಟಾಗಿ ಅಂಬೆಗಾಲಿಟ್ಟದ್ದು ಇದೇ ಮೊದಲು.

"ಏನ್ರೀ ಇದು?" ಎಂದು ಕೇಳಿದರು.

ಸೂಪರಿಂಟೆಂಡೆಂಟರು ಕೈಕಟ್ಟಿ ನಿಂತರು. "ನೆಲಮಟ್ಟದ ಸಮೀಕ್ಷೆ ಸಾರ್. ಹೊಸ ಪದ್ಧತಿ. ವಿಜ್ಞಾನಿಗಳೇ ಬಂದು ನಡೆಸಿಕೊಡ್ತಿದ್ದಾರೆ."

ದೊಡ್ಡ ಸಾಹೇಬರಿಗೆ ಹೊಸ ಪದ್ಧತಿ ಗೊತ್ತಿಲ್ಲವೆಂದು ಹೇಳಿಕೊಳ್ಳುವುದು ಅವರ ಹುದ್ದೆಗೆ ಒಪ್ಪುವ ಮಾತಾಗಿರಲಿಲ್ಲ. "ಸುತ್ತೋಲೆ ನೋಡಿದ ನೆನಪಿದೆ," ಎಂದರು. ಪ್ಯಾಂಟು ಮೇಲಕ್ಕೆ ಸರಿಸಿಕೊಂಡು ತಾವೂ ಮಂಡಿಯೂರಿದರು. ಪೊದೆಯೊಂದರ ಹಿಂದಿನಿಂದ ಒಂದು ತುಂಡನ್ನು ಹುಡುಕಿ ತಂದು, ಒಂಬತ್ತನೆಯ ಮರದ ಕೆಳಗಿದ್ದ ಮೇಸ್ತ್ರಿಯ ಕೈಗೆ ಕೊಟ್ಟರು.

ಮೇಸ್ತ್ರಿ ಮೂಸಿದ. "ಸಾರ್, ಇದು ಪೊರಕೆ ಹಿಡಿ."

ದೊಡ್ಡ ಸಾಹೇಬರು ನಿಧಾನವಾಗಿ ತಲೆದೂಗಿದರು. "ಎಷ್ಟು ಖಚಿತ ನೋಡಿ. ನಾನು ಕೊಟ್ಟಿದ್ದು ಅಂತ ದಾಕ್ಷಿಣ್ಯಕ್ಕೂ ಮರ ಅನ್ನಲಿಲ್ಲ." ಅಲ್ಲಿಂದ ಮುಂದೆ ಮೇಸ್ತ್ರಿಯ ಮಾತಿಗೆ ಎದುರಿಲ್ಲವಾಯಿತು. ಜನ ತಂದುಕೊಟ್ಟ ಇನ್ನೊಂದು ಕಡ್ಡಿಯಿಂದ ಒಂಬತ್ತನೆಯದು ಮಹಾಗನಿ ಎಂದು ಇತ್ಯರ್ಥವಾಯಿತು.

ಉಳಿದದ್ದು ಒಂದೇ ಮರ. ಕೊಳದ ತಿರುವಿನಲ್ಲಿ ನೆಟ್ಟಗೆ, ಎತ್ತರಕ್ಕೆ ನಿಂತಿತ್ತು. ಉಳಿದದ್ದು ಒಂದೇ ಬೋರ್ಡು. ಬಣ್ಣದವನು ಅದನ್ನು ತಿರುಗಿಸುವಷ್ಟರಲ್ಲಿ ಭಾವ ಕಸಿದುಕೊಂಡು ಎದೆಗೆ ಅವಚಿಕೊಂಡರು. "ಓದೋ ಹಾಗಿಲ್ಲ. ಹೇಳ್ಬೇಕು."

ಅದರ ಬುಡವನ್ನು ಮಾತ್ರ ಕನ್ನಡಿಯ ಹಾಗೆ ಗುಡಿಸಿದ್ದರು. ಒಂದು ಕಡ್ಡಿಯಿಲ್ಲ. ಮೇಸ್ತ್ರಿ ಮರವನ್ನು ಸುತ್ತಿದ, ತಟ್ಟಿದ, ಕೆನ್ನೆಯಿಟ್ಟು ನೋಡಿದ. ಕಾಂಡ ಕೊಂಬೆಯಿಲ್ಲದೆ ಮೇಲೇರಿತ್ತು. ತುದಿಯಲ್ಲಿ ಊಟದೆಲೆಯಷ್ಟಗಲದ ಎಲೆಗಳು. ಅಂಥ ಎಲೆಯನ್ನು ಅವನು ಯಾವ ಹಲಗೆಯ ಮೇಲೂ ಕಂಡಿರಲಿಲ್ಲ. ಒಂಬತ್ತು ಗೆದ್ದು ಹತ್ತನೆಯದರಲ್ಲಿ ಬಾಗಿಲು ಹೋಯಿತು. ಮಂಡಿ ನೋಯುತ್ತಿತ್ತು. ಅಳು ಬರುವಷ್ಟು ಬೇಜಾರಾಗಿ, ಮರದ ಕೆಳಗಿದ್ದ ಬೆಂಚಿನ ಮೇಲೆ ಕುಸಿದು ಕೂತ.

ಅವನು ಹಾಗೆ ಕೂತದ್ದನ್ನು ಹೆಂಡತಿಯ ಕಣ್ಣು ಸಹಿಸಲಿಲ್ಲ. "ಹೋಗ್ಲಿ ಬಿಡ್ರಿ," ಎಂದು ಪಕ್ಕದಲ್ಲಿ ಬಂದು ಕೂತಳು. "ಅಣ್ಣನ ಮನೆಗೆ ಹಿತ್ತಲ ಬಾಗಿಲೂ ಇರುತ್ತಲ್ಲ."

ಮೇಸ್ತ್ರಿಯ ಬೆರಳು ಬೆಂಚಿನ ಮೇಲೆ ಆಡುತ್ತಿತ್ತು. ಬೆಂಚಿಗೂ ಬಣ್ಣದವನು ಚುಕ್ಕೆ ಬಿಡದೆ ಹಸಿರು ಬಳಿದಿದ್ದ. ಆದರೆ ಬಣ್ಣ ಒಣಗಿದ ಮೇಲೆ ಯಾರೋ ಪ್ರೇಮಿಗಳು ಎರಡು ಅಕ್ಷರ ಕೊರೆದು ಹೋಗಿದ್ದರು. ಆ ಗೀರಿನಲ್ಲಿ ಬೆರಳು ನಿಂತಿತು.

"ಈ ಬೆಂಚು ಎಲ್ಲಿಂದ ತಂದ್ರಿ?"

"ತಂದಿದ್ದಲ್ಲ ಸಾರ್, ಇಲ್ಲೇ ಮಾಡಿದ್ದು," ಎಂದ ಬಣ್ಣದವನು. "ಹೋದ ಸಲ ಗಾಳಿಗೆ ಈ ಮರದ ದೊಡ್ಡ ಕೊಂಬೆ ಬಿತ್ತು. ಅದನ್ನೇ ಕೊಯ್ಸಿ ಮಾಡಿಸಿದ್ರು."

ಮೇಸ್ತ್ರಿ ಬೆಂಚಿನಿಂದಿಳಿದು ಅದಕ್ಕೆ ಮುಖವಿಟ್ಟು ಮೂಸಿದ. ಮೂಸುವ ಅಗತ್ಯ ಇರಲಿಲ್ಲ. ಉಗುರಿಗೆ ಹತ್ತಿದ ಎಣ್ಣೆಯ ನಯವೇ ಹೇಳಿತ್ತು. ಆದರೂ ಇನ್ನೊಂದು ಸಲ ಮೂಸಿದ. ಎದ್ದು ನಿಂತು ತಲೆಯನ್ನು ಹಿಂದಕ್ಕೆ ಚೆಲ್ಲಿ ಮರವನ್ನು ನೋಡಿದ. ನಲವತ್ತು ವರ್ಷ ಅನ್ನ ಹಾಕಿದ್ದು ಇದು. ಮಗಳ ಮದುವೆ ಮಾಡಿದ್ದು, ಮನೆಗೆ ಹೆಂಚು ಹೊದಿಸಿದ್ದು ಇದು. ಇದರ ಮುಖ ಹೀಗಿರುತ್ತದೆಂದು ಇವತ್ತಿನವರೆಗೆ ಅವನು ವಿಚಾರಿಸಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು.

"ತೇಗ," ಎಂದ. ಗೇಟಿನ ಬಳಿ ಹೇಳಿದ ಹಾಗೆ ಅಲ್ಲ, ಮೆಲ್ಲಗೆ.

ಭಾವ ಬೋರ್ಡು ತಿರುಗಿಸಿ ನೋಡಿದರು. ಆದರೂ ಸೋಲೊಪ್ಪಲಿಲ್ಲ. "ಒಂದು ಬೋರ್ಡು ಹೊಂದಿದ್ರೆ ಉಳಿದ ಒಂಬತ್ತೂ ಸರಿ ಅಂತ ಏನು ಗ್ಯಾರಂಟಿ?"

ಅಷ್ಟರಲ್ಲಿ ಸೂಪರಿಂಟೆಂಡೆಂಟರ ಫೋನು ಬಡಿದುಕೊಂಡಿತು. ಹಿರಿಯ ಮಾಲಿ. ಹತ್ತು ಸಲ ಮಾಡಿದ್ದರಲ್ಲ, ಏನು ಸಮಾಚಾರ ಎಂದ. ಸೂಪರಿಂಟೆಂಡೆಂಟರು ಫೋನನ್ನು ಜೋರು ಮಾಡಿ ಎತ್ತಿ ಹಿಡಿದು, ಕೊಳದ ಮರಗಳನ್ನು ಗೇಟಿನ ಕಡೆಯಿಂದ ಹೇಳು ಎಂದರು. ಮಾಲಿ ಮಕ್ಕಳ ಹೆಸರು ಹೇಳುವಂತೆ ಹೇಳಿಕೊಂಡು ಹೋದ. ಒಂದೊಂದು ಹೆಸರಿಗೂ ಮೂವತ್ತು ಜನ ಒಂದೊಂದು ಬೋರ್ಡಿನತ್ತ ತಿರುಗಿದರು. ಹತ್ತಕ್ಕೆ ಹತ್ತು. "ಕೊನೇದು ತೇಗ ಸಾರ್. ನಮ್ಮಪ್ಪ ನೆಟ್ಟಿದ್ದು. ಚೆನ್ನಾಗಿದೆಯಾ?"

"ಚೆನ್ನಾಗಿದೆಯಪ್ಪ," ಎಂದ ಮೇಸ್ತ್ರಿ, ಯಾರೂ ತನ್ನನ್ನು ಕೇಳದಿದ್ದರೂ.

ಬಿಳಿ ಬೂಟಿನ ಅಜ್ಜಿ ಬಸ್ ನಿಲ್ದಾಣದವರೆಗೂ ಬಂದು ಬೀಳ್ಕೊಟ್ಟರು. ಓಲೆ ಸಿಕ್ಕಿದರೆ ಕಳಿಸಿಕೊಡುತ್ತೇನೆಂದು ವಿಳಾಸ ಬರೆಸಿಕೊಂಡರು. ಬಸ್ಸಿನಲ್ಲಿ ಮೇಸ್ತ್ರಿ ಬಾಗಿಲಿನ ವಿಷಯ ತೆಗೆದ. ಅಗಲ ಎಷ್ಟು, ಒಂಟಿ ಬಾಗಿಲೋ ಜೋಡಿಯೋ, ಚಿಲಕ ಯಾವ ಕಡೆಗೆ. ಭಾವ ಎಲ್ಲದಕ್ಕೂ ಹೂಂ ಎಂದರು. ಇಷ್ಟು ಕಡಿಮೆ ಮಾತಾಡಿದ್ದನ್ನು ತಂಗಿ ಯಾವತ್ತೂ ಕಂಡಿರಲಿಲ್ಲ.

ಹೊತ್ತು ಮುಳುಗುವ ಮೊದಲು ಮನೆ ತಲುಪಿದರು. ಮನೆ ಚೆನ್ನಾಗಿತ್ತು. ಮುಂಬಾಗಿಲು ಆಗಲೇ ಇತ್ತು. ಚೌಕಟ್ಟಿನಲ್ಲಿ ಥಳಥಳ ಹೊಳೆಯುತ್ತ ನಿಂತಿತ್ತು.

"ತಂದು ಹದಿನೈದು ದಿನ ಆಯ್ತು," ಎಂದರು ಭಾವ, ಬೀಗದ ಕೈಯನ್ನು ನೋಡುತ್ತ. "ನಿಮಗೆ ಹತ್ತು ಮರ ಹೇಳೋಕೆ ಆಗಲ್ಲ ಅಂದ್ಕೊಂಡಿದ್ದೆ."

"ಅಣ್ಣ," ಎಂದಳು ತಂಗಿ. ಆ ಒಂದು ಶಬ್ದದಲ್ಲಿ ಏನೇನಿತ್ತೋ, ಭಾವ ಒಂದು ಮೆಟ್ಟಿಲು ಕೆಳಗಿಳಿದರು.

ಮಧ್ಯಾಹ್ನದಿಂದ ಅಂಟಿಕೊಂಡಿದ್ದ ಕುತೂಹಲ ಮೇಸ್ತ್ರಿಯನ್ನು ಬಾಗಿಲ ಬಳಿಗೆ ಎಳೆದೊಯ್ದಿತು. ಬೆರಳು ಮಡಚಿ ತಟ್ಟಿದ. ಬಗ್ಗಿ ಕೆಳಗಿನ ಅಂಚನ್ನು ನೋಡಿದ. ನೆಲ ಒರೆಸಿದ ನೀರು ತಾಗಿ ಅಲ್ಲಿ ಉಬ್ಬಿಕೊಂಡಿತ್ತು. ಉಬ್ಬಿದ ಕಡೆ ಉಗುರು ಹಾಕಿ ಒಂದು ಚಿಟಿಕೆ ಪುಡಿ ತೆಗೆದು ಮೂಸಿದ. ಇನ್ನೊಂದು ಸಲ ಮೂಸಿದ.

ಭಾವ ಎರಡು ಮೆಟ್ಟಿಲು ಮೇಲೆ ಬಂದರು. "ಯಾವ ಮರ?" ಎಂದು ಕೇಳಿದರು. ಈ ಸಲ ಅದು ಪರೀಕ್ಷೆಯಾಗಿರಲಿಲ್ಲ.

"ಕ್ಯಾಟಲಾಗಲ್ಲಿ ಏನಂತ ಇತ್ತು?"

"ಅಪ್ಪಟ ತೇಗ ಅಂತ ಅಚ್ಚಾಗಿತ್ತು."

"ಮೇಲೆ ಅಂಟಿಸಿರೋ ಚಿತ್ರ ತೇಗದ್ದೇ," ಎಂದ ಮೇಸ್ತ್ರಿ. "ಒಳಗಿರೋದು ಕಾಗದ ಭಾವ. ಅಂಟು ಹಾಕಿ ಒತ್ತಿದ ಕಾಗದ. ಇದು ನನ್ನ ಇಲಾಖೆ ಅಲ್ಲ, ನಿಮ್ಮದು."

ಭಾವ ಉಬ್ಬಿದ ಅಂಚನ್ನು ತಾವೂ ಬೆರಳಲ್ಲಿ ಒತ್ತಿ ನೋಡಿದರು. ಆಮೇಲೆ, "ಯಾವಾಗ ಬರ್ತೀರಿ?" ಎಂದರು.

ಮೇಸ್ತ್ರಿ ಚೌಕಟ್ಟಿನ ಅಗಲಕ್ಕೆ ಆಗಲೇ ಗೇಣು ಹಾಕುತ್ತಿದ್ದ. "ಮಳೆಗೆ ಮುಂಚೆ ಬಂದು ನಿಲ್ಲಿಸಿಕೊಡ್ತೀನಿ. ಅಲ್ಲೀವರೆಗೆ ಇದನ್ನ ಜೋರಾಗಿ ಹಾಕಬೇಡಿ ಭಾವ, ಪುಟ ಬಿಚ್ಕೊಳ್ಳುತ್ತೆ."